ಮೂರು ಮತ್ತು ಒಂಚೂರು

12 ನವೆಂಬರ್, ಮಂಗಳವಾರ

ಈ ಡೈರಿ ನನ್ನದಲ್ಲ, ಮಗಳು ಸುಲ್ತಾನಾಳದು. ಒಂದು ಹಾಳೆಯನ್ನೂ ಬರೆಯದೆ ಇಟ್ಟುಕೊಂಡಿದ್ದಳು. "ಅಮ್ಮಾ, ನನ್ನ ಮುಂದ ಕುಂತು ತಾಸಿಗೊಮ್ಮಿ ಉಸ್ ಅನ್ನಬ್ಯಾಡ. ಅನ್ನೂದಿದ್ದರ ಇದರಾಗ ಬರಿ" ಎಂದು ಕೈಗೆ ಕೊಟ್ಟಳು. ಹಾಗಾಗಿ ಇಲ್ಲಿ ಉಸ್ ಅನ್ನುತ್ತಿದ್ದೇನೆ.

ಸುಲ್ತಾನಾ ಏಳು ತಿಂಗಳ ಬಸುರಿ. ಬಿ.ಪಿ. ಏರಿದೆ. ಮಂಚ ಬಿಟ್ಟು ಇಳಿಯಬಾರದು, ಎಡಮಗ್ಗುಲಿಗೆ ಮಲಗಬೇಕು, ಉಪ್ಪು ಕಡಿಮೆ ತಿನ್ನಬೇಕು, ಚಿಂತೆ ಮಾಡಬಾರದು ಎಂದು ಡಾಕ್ಟರಬಾಯಿ ಹೇಳಿದ್ದಾರೆ. ಚಿಂತೆ ಮಾಡಬಾರದು ಎಂದೊಡನೆ ಚಿಂತೆ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋಗುತ್ತದೆಯೇ? ಅಳಿಯ ಬಿಲಾಲ ಮುದ್ದೇಬಿಹಾಳದಿಂದ ಕಾರು ಮಾಡಿಕೊಂಡು ಬಂದು, ಸಿಂದಗಿಯ ನಮ್ಮ ಮನೆಯಲ್ಲಿ ಅವಳನ್ನು ಗಾಜಿನ ಸಾಮಾನು ಇಳಿಸಿದ ಹಾಗೆ ಇಳಿಸಿ ಹೋದ.

ಹೋದ ವರ್ಷ ಆರನೆಯ ತಿಂಗಳಲ್ಲಿ ಒಂದು ಕೂಸು ಹೋಯಿತು. ಅದಕ್ಕೆಂದು ನಾನು ಆಗಲೇ ಕೌದಿ ಹೊಲಿದು ಮುಗಿಸಿ ಓಣಿಗೆಲ್ಲ ತೋರಿಸಿ ಬಂದಿದ್ದೆ. ಹುಟ್ಟುವ ಮೊದಲೇ ಕೂಸಿನ ಹಾಸಿಗೆ ಸಿದ್ಧ ಮಾಡಬಾರದು ಎಂದು ಹಿರಿಯರು ಅನ್ನುತ್ತಿದ್ದರು, ನಾನು ನಕ್ಕಿದ್ದೆ. ಅದರಿಂದಲೇ ಹೀಗಾಯಿತೆಂದು ಯಾರೂ ಹೇಳಲಿಲ್ಲ. ನನ್ನ ಮನಸ್ಸು ಮಾತ್ರ ದಿನಾ ಹೇಳುತ್ತದೆ. ಆ ಕೌದಿ ಈಗ ಟ್ರಂಕಿನ ತಳದಲ್ಲಿದೆ, ಅದರ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಈ ಸಲ ಕೂಸು ಅತ್ತ ದನಿ ಕಿವಿಗೆ ಬೀಳುವವರೆಗೆ ನಾನು ಸೂಜಿ ಮುಟ್ಟುವುದಿಲ್ಲ. ಇದು ಪಕ್ಕಾ.

15 ನವೆಂಬರ್, ಶುಕ್ರವಾರ

ಸುಲ್ತಾನಾ ಗೊಳಸಂಗಿ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ನಾಪಾಸಾಗಿ ಮನೆಗೆ ಕೂತ ನನ್ನ ಹೊಟ್ಟೆಯಲ್ಲಿ ಇವಳು ಹೇಗೆ ಹುಟ್ಟಿದಳೋ ದೇವರೇ ಬಲ್ಲ. ಅಂಕಿ ಕಂಡರೆ ನನಗೆ ಚಳಿಜ್ವರ. ಅವಳು ಕಾಲೇಜಿನಿಂದ ಬಂದು ಏನಾದರೂ ಹೇಳಹೊರಟರೆ "ನಿನ್ನ ಲೆಕ್ಕ ನಿನಗಿರಲಿ, ಮೊದಲು ರೊಟ್ಟಿ ತಿನ್ನು" ಎನ್ನುತ್ತಿದ್ದೆ. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು.

ಇವತ್ತು ಮಲಗಿ ಮಲಗಿ ಬೇಸತ್ತು, "ಅಮ್ಮಾ, ಒಂದು ಬಳಿ ಕೊಡು, ಒಂದಿಷ್ಟು ದಾರ ಕೊಡು" ಎಂದಳು. ನಮ್ಮ ಮನೆಯಲ್ಲಿ ಬಳೆಗೆ ಬರವೇ? ಮುಂದಿನ ಕೋಣೆಯೇ ಇವರ ಬಳೆ ಅಂಗಡಿ. (ಇವರು ಎಂದರೆ ನನ್ನ ಗಂಡ ಚಾಂದಸಾಬ. ನಾನು ಸತ್ತ ಮೇಲೆ ಯಾರಾದರೂ ಓದಿದರೆ ಗೊಂದಲವಾಗಬಾರದು.) ದಾರವನ್ನು ಬಳೆಗೆ ಒಂದು ಸುತ್ತು ಸುತ್ತಿ ಕತ್ತರಿಸಿ ನನ್ನ ಕೈಗಿಟ್ಟಳು.

"ಈ ದಾರ ಬಳಿಯ ಈ ದಂಡಿಯಿಂದ ಆ ದಂಡಿಗೆ ಎಷ್ಟು ಸಲ ಹಿಡೀತೈತಿ ನೋಡು."

ಹಿಡಿದು ನೋಡಿದೆ. ಮೂರು ಸಲ ಹಿಡಿಯಿತು, ಆಮೇಲೆ ಒಂಚೂರು ಉಳಿಯಿತು.

"ಅದಕ್ಕೇನಾತೀಗ?"

"ದೊಡ್ಡ ಬಳಿ ತಗೊಂಡು ಮಾಡು."

ಬಳೆ ದೊಡ್ಡದಾದರೆ ಹೆಚ್ಚು ಬರಬೇಕಲ್ಲ. ಬರಲಿಲ್ಲ. ಮತ್ತೆ ಮೂರು ಸಲ, ಮತ್ತೆ ಒಂಚೂರು. ಏನೋ ಕೈಚಳಕ ಮಾಡುತ್ತಿದ್ದಾಳೆಂದು ಅನುಮಾನ ಬಂದು, ಇವರು ಜುಮ್ಮಾ ನಮಾಜಿಗೆ ಹೋದ ಹೊತ್ತಿನಲ್ಲಿ ಅಂಗಡಿ ಹೊಕ್ಕು ಎಲ್ಲ ಅಳತೆಯ ಬಳೆಗಳಿಗೂ ದಾರ ಸುತ್ತಿದೆ. ಹಸಿರು ಬಳೆ, ಚುಕ್ಕಿ ಬಳೆ, ಗಿಲೀಟಿನ ಕಡಗ, ಎಲ್ಲ ಒಂದೇ ಹಟ. ಕೂಸುಗಳ ಕರಿಬಳೆಯ ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಈಗ ಮುಟ್ಟಬಾರದು.

ಇವರು ಬಂದು ಬಾಗಿಲಲ್ಲೇ ನಿಂತರು. "ಏನ್ ಹುಡಕಾಕತ್ತಿ?"

"ಏನಿಲ್ರೀ, ಧೂಳ ಒರಸಾಕತ್ತೇನಿ" ಎಂದೆ. ಕುತ್ತಿಗೆ ತುಂಬ ದಾರದ ತುಂಡುಗಳು ನೇತಾಡುತ್ತಿದ್ದವು.

18 ನವೆಂಬರ್, ಸೋಮವಾರ

ಬಿ.ಪಿ. ಇಳಿದಿಲ್ಲ. ಬರೆಯಲು ಮನಸ್ಸಿಲ್ಲ.

ಕುಕ್ಕರಿನ ಮುಚ್ಚಳ, ರೊಟ್ಟಿ ಹಂಚು, ನೀರಿನ ಕೊಡದ ಬಾಯಿ. ಮೂರು ಮತ್ತು ಒಂಚೂರು.

24 ನವೆಂಬರ್, ಭಾನುವಾರ

ಬಿಲಾಲ ಬಂದಿದ್ದ. ಅವನು ಲೈನ್‌ಮನ್, ಕಂಬ ಹತ್ತಲು ಹೆದರುವುದಿಲ್ಲ, ಹೆಂಡತಿಯ ಕೋಣೆಗೆ ಹೋಗಲು ಹೆದರುತ್ತಾನೆ. ಎಲ್ಲಿ ಅಳುತ್ತಾಳೋ, ಎಲ್ಲಿ ತಾನೇ ಅಳುತ್ತೇನೋ ಎಂದು ಬಾಗಿಲ ಬಳಿ ನಿಂತು ಮೊಬೈಲು ನೋಡುತ್ತಾನೆ. ಸುಲ್ತಾನಾ ಕರೆದು ಕೂಡಿಸಿ, ಎಲ್ಲರ ಮುಂದೆಯೂ ಒಂದೊಂದು ಬಿಸಿ ಜೋಳದ ರೊಟ್ಟಿ ಇಡಿಸಿದಳು. "ಚಾಕುಲೆ ಮೂರ ಗೆರಿ ಎಳೀಬೇಕು, ನೆಟ್ಟಗ. ಯಾರಿಗೆ ಹೆಚ್ಚು ತುಂಡು ಬರ್ತಾವ ನೋಡೂಣು."

ಇವರು ಮೀಸೆ ತಿರುವಿ ನಡುವಿನಿಂದ ಹಾಯಿಸಿ ಮೂರು ಗೆರೆ ಎಳೆದರು. ಆರು ತುಂಡು. ಬಿಲಾಲನೂ ಮಾವನನ್ನು ನೋಡಿ ಹಾಗೇ ಮಾಡಿ ಆರು ಎಂದ. ನನ್ನ ಚಾಕು ಮೂರನೆಯ ಗೆರೆಯಲ್ಲಿ ನಡು ತಪ್ಪಿ ಪಕ್ಕಕ್ಕೆ ಹೋಯಿತು. ಥೂ, ಕೆಟ್ಟಿತು ಎಂದುಕೊಂಡು ಎಣಿಸಿದರೆ ಏಳು! ಮೂರು ಗೆರೆಗಳ ಮಧ್ಯೆ ಒಂದು ಸಣ್ಣ ಮೂರು ಮೂಲೆಯ ತುಂಡು ಹುಟ್ಟಿಬಿಟ್ಟಿತ್ತು.

"ಇದು ಲೆಕ್ಕಕ್ಕ ಬರೂದಿಲ್ಲ, ಗೆರಿ ವಾರೆ ಆಗೇತಿ" ಎಂದು ಇವರು ತಕರಾರು ತೆಗೆದರು.

"ವಾರೆ ಎಲ್ಲೈತಿ ಅಬ್ಬಾ? ನೆಟ್ಟಗ ಐತಿ. ಮೂರು ಗೆರಿ ಒಂದ ಕಡೆ ಕೂಡಬಾರದು, ಅಷ್ಟ. ಅಮ್ಮ ಗೆದ್ದಳು."

ಇವರು ಇನ್ನೊಂದು ರೊಟ್ಟಿ ತರಿಸಿದರು, ಮತ್ತೊಂದು ತರಿಸಿದರು. ನಾಲ್ಕು ಗೆರೆಗೆ ಹೋದರು. ಅಡುಗೆಮನೆಯ ಬುಟ್ಟಿ ಖಾಲಿಯಾಗಿ, ಮನೆತುಂಬ ರೊಟ್ಟಿಯ ಚೂರುಗಳಾದವು. ಅಳಿಯ ಮಾವ ಇಬ್ಬರೂ ಚಾಕು ಹಿಡಿದು ಮಕ್ಕಳ ಹಾಗೆ ಜಗಳಕ್ಕೆ ನಿಂತದ್ದು ನೋಡಿ ಸುಲ್ತಾನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೋದ ವರ್ಷದಿಂದ ಆ ನಗು ನಾನು ಕೇಳಿರಲಿಲ್ಲ. ನನಗೆ ಅಳು ಬಂತು. ಒಲೆಯ ಹೊಗೆ ಎಂದೆ. ನಮ್ಮದು ಗ್ಯಾಸ್ ಒಲೆ.

ಗೆದ್ದದ್ದು ನನ್ನ ಜಾಣತನದಿಂದಲ್ಲ, ಚಾಕು ಜಾರಿದ್ದರಿಂದ. ನನಗೆ ಲೆಕ್ಕ ಬರುವುದಿಲ್ಲ.

2 ಡಿಸೆಂಬರ್, ಸೋಮವಾರ

ನಮ್ಮ ಓಣಿಯಲ್ಲಿ ಒಂದು ರೂಢಿ. ಮೊದಲ ತೊಟ್ಟಿಲಿನ ಕೌದಿಗೆ ನೆರೆಮನೆಯವರು ತಮ್ಮ ಹಳೆಯ, ತೊಳೆದು ತೊಳೆದು ಮೆತ್ತಗಾದ ಸೀರೆಯ ಚೌಕಗಳನ್ನು ಕತ್ತರಿಸಿ ಕೊಡುತ್ತಾರೆ. ಬೇಡವೆಂದರೂ ಕೇಳದೆ ಎದುರುಮನೆಯ ಕಾಶಿಬಾಯಿ ಮತ್ತು ಹಿಂದಿನ ಮನೆಯ ದಾವಲಬಿ ಇಬ್ಬರೂ ಗಂಟು ಹಿಡಿದು ಬಂದರು.

"ಹೊಲೀಬ್ಯಾಡ, ಇಟ್ಟಿರು" ಎಂದಳು ಕಾಶಿಬಾಯಿ. ನನ್ನ ಪಣ ಅವಳಿಗೆ ಗೊತ್ತು.

ಗಂಟು ಬಿಚ್ಚಿದರೆ ಒಬ್ಬಳ ಚೌಕ ಒಂದು ಥರ, ಇನ್ನೊಬ್ಬಳದು ಇನ್ನೊಂದು ಥರ. ತಪ್ಪು ನನ್ನದೇ. ಹೋದ ವರ್ಷ ಚೌಕ ಎಷ್ಟಿರಬೇಕು ಎಂದು ಕೇಳಿದಾಗ "ಒಂದು ಗೇಣು" ಎಂದಿದ್ದೆ. ಆಗ ನಾನೇ ಎಲ್ಲವನ್ನೂ ಕತ್ತರಿಸಿದ್ದೆ, ನಡೆಯಿತು. ಈ ಸಲ ಇಬ್ಬರೂ ಅದೇ ಮಾತು ನೆನಪಿಟ್ಟು ತಮ್ಮ ತಮ್ಮ ಗೇಣಿನಲ್ಲಿ ಅಳೆದಿದ್ದಾರೆ. ಕಾಶಿಬಾಯಿಯ ಅಂಗೈ ರೊಟ್ಟಿ ಬಡಿದೂ ಬಡಿದೂ ಹಂಚಿನಷ್ಟಾಗಿದೆ. ದಾವಲಬಿಗೆ ಇವರು ಇಂದಿಗೂ ಶಾಲೆಯ ಹುಡುಗಿಯರ ಅಳತೆಯ ಬಳೆ ತೊಡಿಸುತ್ತಾರೆ.

"ಗೇಣು ಅಂದರ ಇದು!" ಎಂದು ಕಾಶಿಬಾಯಿ ಕೈ ಚಾಚಿದಳು.

"ಅದು ಗೇಣಲ್ಲವಾ, ಮೊಳ" ಎಂದಳು ದಾವಲಬಿ.

ಇಬ್ಬರೂ ಚಹಾ ಕುಡಿಯದೆ ಎದ್ದು ಹೋದರು. ಗಂಟನ್ನು ಮೂಲೆಗೆ ಎಸೆಯಲು ಹೊರಟವಳನ್ನು ಸುಲ್ತಾನಾ ತಡೆದಳು. ಅವಳ ಕಣ್ಣುಗಳು ಹೊಳೆಯುತ್ತಿದ್ದವು. "ಅಮ್ಮಾ, ಹೊಲೀಬ್ಯಾಡ. ಬರೇ ಜೋಡಸೂಣು. ಒಂದೂ ಕತ್ತರಸದ, ಒಂದೂ ಕಿಂಡಿ ಬಿಡದ ಎರಡೂ ಅಳತಿ ಕೂಡ್ತಾವೇನ ನೋಡೂಣು."

ಜೋಡಿಸುವುದಕ್ಕೆ ಏನೂ ಅಡ್ಡಿಯಿಲ್ಲ. ಸೂಜಿ ಮುಟ್ಟಬಾರದು ಅಷ್ಟೇ.

5 ಡಿಸೆಂಬರ್, ಗುರುವಾರ

ಕೂಡುವುದಿಲ್ಲ. ದೊಡ್ಡದರ ಸಾಲು, ಸಣ್ಣದರ ಸಾಲು ಮಾಡಿದರೆ ಬಾಯಿ ಬಿಟ್ಟುಕೊಳ್ಳುತ್ತದೆ. ಒಂದು ದೊಡ್ಡದು ಒಂದು ಸಣ್ಣದು ಇಟ್ಟರೆ ಹಲ್ಲು ಬಿದ್ದ ಬಾಯಿ. "ಉತ್ತರ ಗೊತ್ತಿದ್ದರ ಹೇಳಿಬಿಡ" ಎಂದು ರೇಗಿದೆ. "ಗೊತ್ತೈತಿ, ಹೇಳೂದಿಲ್ಲ" ಎಂದು ದಿಂಬಿಗೆ ಮುಖ ಹುದುಗಿಸಿ ನಗುತ್ತಾಳೆ. ಹೆತ್ತ ತಾಯಿಯನ್ನು ಆಡಿಸುವ ಹುಡುಗಿ! ಶಾಲೆಯ ಮಕ್ಕಳು ಇವಳ ಕೈಯಲ್ಲಿ ಹೇಗೆ ಬದುಕಿದ್ದಾವೋ.

ಮಧ್ಯಾಹ್ನ ಕಾಶಿಬಾಯಿ ಏನೂ ಆಗದವಳಂತೆ ಬಂದು ಕೂತಳು. ಸ್ವಲ್ಪ ಹೊತ್ತಿಗೆ ದಾವಲಬಿಯೂ ಬಂದಳು. ಮೂವರೂ ನೆಲದ ಮೇಲೆ ತೆವಳಿ ತೆವಳಿ ಚೌಕ ಸರಿಸಿದ್ದೇ ಸರಿಸಿದ್ದು. ಸಾರು ತಳ ಹತ್ತಿತು.

11 ಡಿಸೆಂಬರ್, ಬುಧವಾರ

ಬೆಳಿಗ್ಗೆ ತಲೆನೋವು, ಕಣ್ಣು ಮಂಜು ಎಂದಳು. ದವಾಖಾನೆಗೆ ಓಡಿದೆವು. ಮಾತ್ರೆ ಹೆಚ್ಚಿಸಿದ್ದಾರೆ. ಇನ್ನೊಮ್ಮೆ ಹೀಗಾದರೆ ಸೀದಾ ವಿಜಯಪುರಕ್ಕೆ ಎಂದರು.

ಬರುವಾಗ ಆಟೋದಲ್ಲಿ ನನ್ನ ಕೈ ಹಿಡಿದು ಕೇಳಿದಳು. "ಅಮ್ಮಾ, ಈ ಸಲಾನೂ ಹಂಗ ಆದರ?"

ಮನೆ ಬರುವವರೆಗೂ ನಾನು ಅವಳ ಕೈ ಬಿಡಲಿಲ್ಲ, ಅಷ್ಟೇ.

14 ಡಿಸೆಂಬರ್, ಶನಿವಾರ

ಕೂಡಿತು! ಕೂಡಿತು!

ನಡೆದದ್ದು ಹೀಗೆ. ಬೆಳಿಗ್ಗೆ ಹೊಸ ಬಳೆಯ ರಟ್ಟಿನ ಪೆಟ್ಟಿಗೆಗಳು ಬಂದಿದ್ದವು. ಖಾಲಿಯಾದ ಪೆಟ್ಟಿಗೆಯ ಬಾಯಿ ಮುಚ್ಚುವಾಗ ನಾಲ್ಕು ಕಿವಿಗಳನ್ನು ಒಂದರ ಕೆಳಗೊಂದು ಸಿಕ್ಕಿಸುತ್ತೇವಲ್ಲ, ಹಾಗೆ ಸಿಕ್ಕಿಸಿದೆ. ನಡುವೆ ಒಂದು ಸಣ್ಣ ಚೌಕದ ಕಿಂಡಿ ಉಳಿಯುತ್ತದೆ. ಮದುವೆಯಾದಾಗಿನಿಂದ ಆ ಕಿಂಡಿಯಲ್ಲಿ ಬೆರಳು ತೂರಿಸಿ ಪೆಟ್ಟಿಗೆ ಬಿಚ್ಚುತ್ತಿದ್ದೇನೆ, ಒಂದು ದಿನವೂ ಅದನ್ನು ನೋಡಿರಲಿಲ್ಲ. ಇವತ್ತು ನೋಡಿದೆ. ಪೆಟ್ಟಿಗೆ ಅಲ್ಲೇ ಬಿಟ್ಟು ಒಳಗೆ ಓಡಿದೆ.

ಕಾಶಿಬಾಯಿಯ ನಾಲ್ಕು ಚೌಕಗಳನ್ನು ಮೂಲೆಗೆ ಮೂಲೆ ಹಚ್ಚದೆ, ಒಂದೊಂದನ್ನೂ ಪಕ್ಕದ್ದಕ್ಕಿಂತ ದಾವಲಬಿಯ ಗೇಣಿನಷ್ಟು ಮುಂದೆ ಸರಿಸಿ, ಕಾಗದದ ಗಿರಿಗಿಟ್ಲೆಯ ಹಾಗೆ ಇಟ್ಟೆ. ನಡುವೆ ಕಿಂಡಿ ಬಿತ್ತು. ದಾವಲಬಿಯ ಚೌಕವನ್ನು ಅದರಲ್ಲಿ ಇಳಿಸಿದೆ. ಕೂತಿತು. ಅಳೆದು ಮಾಡಿದ ಹಾಗೆ ಕೂತಿತು! ಅದರ ಪಕ್ಕಕ್ಕೆ ಇನ್ನೊಂದು ದೊಡ್ಡದು, ಇನ್ನೊಂದು ಕಿಂಡಿ, ಇನ್ನೊಂದು ಸಣ್ಣದು. ಹಾಸಿದಷ್ಟೂ ಹಾಸುತ್ತ ಹೋಗುತ್ತದೆ.

ಸುಲ್ತಾನಾ ಮೊಣಕೈ ಊರಿ ನೋಡುತ್ತಿದ್ದಳು. "ಅಮ್ಮಾ, ದಾವಲಬಿ ಖಾಲಾನ ಗೇಣು ಇನ್ನೂ ಸಣ್ಣದಿದ್ದರ?"

"ಇನ್ನೂ ಕಡಿಮಿ ಸರಸೂದು. ಎಷ್ಟು ಸರಸ್ತೀವೋ ಅಷ್ಟ ಕಿಂಡಿ ಬೀಳ್ತೈತಿ. ಅದರಾಗೇನೈತಿ?"

ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ನಾನು ಕಾಶಿಬಾಯಿಯನ್ನೂ ದಾವಲಬಿಯನ್ನೂ ಕೂಗಿ ಕರೆದೆ. ಇಬ್ಬರೂ ತಮ್ಮ ಗೇಣೇ ಸರಿಯಾಗಿತ್ತೆಂದು ಸಾಧಿಸಿಕೊಂಡು ಚಹಾ ಕುಡಿದು ಹೋದರು.

17 ಡಿಸೆಂಬರ್, ಮಂಗಳವಾರ

ಕೂಸಿನ ಹಾಸಿಗೆಯಷ್ಟಗಲ ಜೋಡಣೆ ಆಯಿತು, ಸುತ್ತಲಿನ ಮೆಟ್ಟಿಲಂಥ ಅಂಚಿಗೆ ಇವರ ಹಳೆಯ ಲುಂಗಿಯ ಪಟ್ಟಿ. ನಟ್ಟನಡುವಿನ ಕಿಂಡಿಗೆ ಮಾತ್ರ ದಾವಲಬಿಯ ಒಂದು ಚೌಕ ಕಡಿಮೆ ಬಿತ್ತು. ಕತ್ತರಿಸಿಕೊಂಡು ಬರುತ್ತೇನೆ ಎಂದು ಅವಳು ಎದ್ದಳು.

"ಬ್ಯಾಡ ಖಾಲಾ" ಎಂದಳು ಸುಲ್ತಾನಾ. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಟ್ರಂಕಿನ್ಯಾಗಿನ ಕೌದಿ ಐತೆಲ್ಲ, ಅದರಾಗಿಂದ ಒಂದು ಚೌಕ ತಗಿ."

ಕೌದಿ ಟ್ರಂಕಿನಲ್ಲಿರುವುದು ಅವಳಿಗೆ ಗೊತ್ತಿಲ್ಲವೆಂದೇ ನಾನು ತಿಳಿದಿದ್ದೆ.

"ಅದು ಯಾಕವ್ವಾ?"

"ಅದೂ ನನ್ನ ಕೂಸಿಂದ ಅಮ್ಮಾ. ಅದನ್ನ ಹೊರಗ ಯಾಕ ಇಡೂದು? ನಡುವ ಇರಲಿ."

ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆಯೊಂದಿಗೆ ಹಳದಿ ಕೌದಿ ಹೊರಬಂತು. ಹೆದರಿದ್ದೆ, ಆದರೆ ಅದು ಬರೀ ಮೆತ್ತನೆಯ ಬಟ್ಟೆಯಾಗಿತ್ತು. ದಾವಲಬಿಯ ಗೇಣಿನಷ್ಟು ಅಳೆದು ಕತ್ತರಿ ಹಾಕುವಾಗ ನಾವಿಬ್ಬರೂ ಜೋರಾಗಿ ಅತ್ತುಬಿಟ್ಟೆವು. ಕಾಶಿಬಾಯಿಯೂ ಅತ್ತಳು, ದಾವಲಬಿಯೂ ಅತ್ತಳು. ಆಮೇಲೆ ಎಲ್ಲರಿಗೂ ಹಸಿವಾಯಿತು.

19 ಡಿಸೆಂಬರ್, ಗುರುವಾರ

ಕಾಶಿಬಾಯಿಯ ಆಡಿಗೆ ಬುದ್ಧಿಯಿಲ್ಲ. ಕಣ್ತಪ್ಪಿಸಿ ಒಳಗೆ ಬಂದು ಜೋಡಣೆಯ ಮೇಲೆಲ್ಲ ನಡೆದಾಡಿ ಒಂದು ಚೌಕ ಬಾಯಿಗೆ ಹಾಕಿಕೊಂಡಿತ್ತು. ಮತ್ತೆ ಮೊದಲಿನಿಂದ ಯಾರು ಜೋಡಿಸುತ್ತಾರೆ? ಸರಿಮಾಡಿ, ಅಲುಗಾಡದಿರಲೆಂದು ಮೂಲೆಗಳನ್ನು ಹಿಡಿಸಿದೆ. ಮೂಲೆ ಹಿಡಿಸಿದ ಮೇಲೆ ಅಂಚು ಬಿಡಲಾಗುತ್ತದೆಯೇ? ಅಂಚಾದ ಮೇಲೆ ಒಳಗಿನ ಸಾಲು. ಗಿರಿಗಿಟ್ಲೆ ತಿರುಗಿದ ಕಡೆಗೇ ಹೊಲಿಗೆಯನ್ನೂ ತಿರುಗಿಸಿದರೆ ಚೆಂದ ಕಾಣುತ್ತದೆ ಎಂದು ಹೊಳೆಯಿತು, ಹಾಗೇ ಮಾಡಿದೆ. ಹೊತ್ತು ಮುಳುಗುವ ಹೊತ್ತಿಗೆ ದಾರದ ಉಂಡೆ ಮುಗಿದಿತ್ತು.

ತಲೆ ಎತ್ತಿದರೆ ಸುಲ್ತಾನಾ ನನ್ನ ಕೈಯನ್ನೇ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು, ನಗುತ್ತಲೂ ಇದ್ದಳು.

"ಏನಾತ?"

"ಏನಿಲ್ಲಮ್ಮಾ. ನೀ ಹೊಲಿ."

ಬಸುರಿಯರ ಮನಸ್ಸೇ ಹಾಗೆ. ನಾಳೆ ಕೆಂಪು ದಾರ ತರಿಸಬೇಕು.

29 ಡಿಸೆಂಬರ್, ಭಾನುವಾರ

ಮುದ್ದೇಬಿಹಾಳದಿಂದ ಬೀಗತಿ ಪೀರಬಿ ಬಂದರು. ಬಿಲಾಲನ ತಾಯಿ, ಮಾತು ಕಡಿಮೆ, ಹುಬ್ಬು ಜಾಸ್ತಿ. ಕೌದಿ ನೋಡಿ ಹುಬ್ಬು ಹಣೆಗೆ ಹೋಯಿತು.

"ಕೂಸು ಹುಟ್ಟೂ ಮೊದಲ ಹೊಲದೀರೆಲ್ಲ!"

"ಹೊಲದಿದ್ದಲ್ರೀ, ಆಡು ಕೆಡಸಬಾರದಂತ ಹಿಡಿಸಿದ್ದು" ಎಂದೆ. ಕೌದಿ ಆಗಲೇ ಮುಗಿದು ಒಗೆದು ಒಣಗಿತ್ತು.

ಪೀರಬಿ ಗಿರಿಗಿಟ್ಲೆಯ ಸುತ್ತ ಬೆರಳಾಡಿಸಿದರು. "ಇದು ಹೆಂಗ ಕೂಡ್ತು?" ಎಂದು ಕೇಳಿದರು. ರಟ್ಟಿನ ಪೆಟ್ಟಿಗೆ ತಂದು ತೋರಿಸಿದೆ. ಹೋಗುವಾಗ ಅವರು ಒಂದು ಖಾಲಿ ಪೆಟ್ಟಿಗೆ ಕೇಳಿ ತೆಗೆದುಕೊಂಡು ಹೋದರು.

4 ಜನವರಿ, ಶನಿವಾರ

ವಿಜಯಪುರ, ಆಸ್ಪತ್ರೆ. ಬೆಳಿಗ್ಗೆ ಬಿ.ಪಿ. ಮತ್ತೆ ಏರಿತು. ತಡ ಮಾಡುವಂತಿಲ್ಲ, ಆಪರೇಷನ್ ಎಂದರು. ಈಗ ಒಳಗೆ ಕರೆದುಕೊಂಡು ಹೋದರು. ಗಾಲಿಮಂಚದ ಮೇಲಿಂದ ಅವಳು, "ಅಮ್ಮಾ, ಪೀರಬಿ ಅತ್ತೀಗೆ ಬಳಿ ದಾರದ ಆಟ ತೋರ್ಸಿಲ್ಲೇನ? ತೋರ್ಸು" ಎಂದಳು. ಇಂಥ ಹೊತ್ತಿನಲ್ಲಿ ಇವಳ ಮಾತು!

ಇವರೂ ಬಿಲಾಲನೂ ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದಾರೆ. ಪೀರಬಿ ನನ್ನ ಪಕ್ಕ ಬಂದು ಕೂತರು. ಅವರ ಕೈಯಿಂದ ಒಂದು ಬಳೆ ಬಿಡಿಸಿ, ಸೆರಗಿನ ದಾರ ಎಳೆದು ಸುತ್ತಿದೆ. "ಹಿಡೀರಿ, ಈಗ ಅಡ್ಡ ಎಷ್ಟು ಸಲ ಬರ್ತೈತಿ ಎಣಸ್ರಿ."

"ಒಂದು. ಎರಡು. ಮೂರು. ಒಂಚೂರು ಉಳೀತಲ್ರೀ."

"ನಿಮ್ಮ ಕಡಗಾ ಕೊಡ್ರಿ" ಎಂದೆ.

ಕಡಗವಾಯಿತು, ನೀರಿನ ಬಾಟಲಿಯ ಮುಚ್ಚಳವಾಯಿತು. ಪಕ್ಕದ ಬೆಂಚಿನ ಹೆಂಗಸು ತನ್ನ ಊಟದ ಡಬ್ಬಿ ಮುಂದೆ ಮಾಡಿದಳು. ಒಂದು, ಎರಡು, ಮೂರು ಎಂದು ಎಲ್ಲರೂ ಕೂಡಿ ಎಣಿಸುತ್ತಿದ್ದಾರೆ, ನಾನು

5 ಜನವರಿ, ಭಾನುವಾರ

ನಿನ್ನೆ ವಾಕ್ಯ ಮುಗಿಸಲಿಲ್ಲ. ದನಿ ಕೇಳಿತು.

ಹೆಣ್ಣು. ಸಣ್ಣದು, ಆದರೆ ಗಂಟಲು ಕಾಶಿಬಾಯಿಯದು. ಸುಲ್ತಾನಾ ಚೆನ್ನಾಗಿದ್ದಾಳೆ. ಪೀರಬಿ ಮತ್ತು ನಾನು ತಬ್ಬಿಕೊಂಡು ನಿಂತಿದ್ದೆವಂತೆ, ಇವರು ಹೇಳುತ್ತಾರೆ. ನನಗೆ ನೆನಪಿಲ್ಲ.

12 ಜನವರಿ, ಭಾನುವಾರ

ಮನೆಗೆ ಬಂದೆವು. ಕೌದಿ ತೊಟ್ಟಿಲಿಗೆ ಏರಿತು. ಕೂಸಿನ ತಲೆ ಸರಿಯಾಗಿ ನಡುವಿನ ಹಳದಿ ಚೌಕದ ಮೇಲೆ ಬರುತ್ತದೆ. ಸುಲ್ತಾನಾ ಅದನ್ನು ನೋಡಿ, ಬೆರಳಿನಿಂದ ಮೆಲ್ಲಗೆ ಸವರಿದಳು. ಸಂತೋಷ ಇಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಓಣಿಯೆಲ್ಲ ಬಂದಿತ್ತು. ಇವರು ಅಂಗಡಿಯಿಂದ ಕರಿಬಳೆಯ ಡಬ್ಬಿ ತಂದರು. ಅದರಲ್ಲೂ ಎಲ್ಲಕ್ಕಿಂತ ಸಣ್ಣದನ್ನು ಹುಡುಕಿ ತೆಗೆದರು. ತೊಡಿಸಲು ಬಗ್ಗಿದವರ ಕೈ ಹಿಡಿದು, "ತಡೀರಿ" ಎಂದೆ.

"ಮತ್ತ ಸುರು ಆತು" ಎಂದು ಇವರು ಹಣೆ ಚಚ್ಚಿಕೊಂಡರು. ಆದರೆ ದಾರ ಅವರ ಜೇಬಿನಲ್ಲೇ ಇತ್ತು.

ಸುತ್ತಿದೆ, ಕತ್ತರಿಸಿದೆ. ಎಷ್ಟು ಪುಟ್ಟ ದಾರವೆಂದರೆ ಉಗುರಿನಲ್ಲಿ ಹಿಡಿಯಬೇಕಾಯಿತು. ಬಳೆಗೆ ಅಡ್ಡ ಹಿಡಿದೆ. ಒಂದು ಎಂದರು ಪೀರಬಿ. ಎರಡು ಎಂದರು ಕಾಶಿಬಾಯಿ, ದಾವಲಬಿ. ಮೂರು ಎಂದ ಬಿಲಾಲ. ಮಂಚದ ಮೇಲಿಂದ ಸುಲ್ತಾನಾ, ಉತ್ತರ ಗೊತ್ತಿದ್ದವಳು, ಏನೂ ಗೊತ್ತಿಲ್ಲದವಳಂತೆ ಕತ್ತು ಚಾಚಿ ಕಾಯುತ್ತಿದ್ದಳು.

"ಮತ್ತ ಒಂಚೂರು" ಎಂದೆ.

ಇಷ್ಟು ಸಣ್ಣ ಕೈಯ ಬಳೆಗೂ ಅದೇ ಲೆಕ್ಕ. ಅಷ್ಟರಲ್ಲಿ ಕೂಸು ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು, ಎಳೆದರೂ ಬಿಡಲಿಲ್ಲ. ಎಲ್ಲರೂ ನಕ್ಕರು.

ನನಗೆ ಲೆಕ್ಕ ಬರುವುದಿಲ್ಲ, ಅದು ಊರಿಗೇ ಗೊತ್ತು. ಆದರೆ ಈ ಹುಡುಗಿಗೆ ಮಾತ್ರ ನಾನೇ ಕಲಿಸುತ್ತೇನೆ, ಅವರಮ್ಮನಿಗೆ ಬಿಡುವುದಿಲ್ಲ.